ಎರಡು ಅಳಿವೆಗಳ ಉಪ್ಪಿನ ಪಂಚಾಂಗ: ಕಾಳಿ–ಗಂಗಾವಳಿ ತೀರದ ಸಸ್ಯಗಳ ಹೊಂದಾಣಿಕೆ ಕುರಿತು ಒಂದು ಟಿಪ್ಪಣಿ

ಕಾಂಡ್ಲಾ ಗಿಡ ಉಪ್ಪುನೀರಿನಲ್ಲಿ ಬದುಕುವಂತೆ ಹೊಂದಿಕೊಂಡಿದೆ ಎಂಬ ಮಾತು ನಮ್ಮ ಪಠ್ಯಪುಸ್ತಕಗಳಲ್ಲಿ ಎಷ್ಟು ಸಲ ಅಚ್ಚಾಗಿದೆಯೆಂದರೆ, ಅದನ್ನು ಮತ್ತೊಮ್ಮೆ ಪರೀಕ್ಷಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ. ಇಲ್ಲಿನ ಅಳಿವೆಗಳಲ್ಲಿ ಕಾಂಡ್ಲಾದ ಬುಡ ತೋಯಿಸುವ ನೀರು ಏಪ್ರಿಲ್‌ನಲ್ಲಿ ಹೆಚ್ಚುಕಡಿಮೆ ಸಮುದ್ರದ ನೀರೇ. ಜುಲೈನಲ್ಲಿ ಅದು ಘಟ್ಟದಿಂದ ಇಳಿದ ಕೆಂಪು ನೆರೆನೀರು, ನಾಲಿಗೆಗೆ ಬರೀ ಚಪ್ಪೆ. ಗಿಡ ನಿಂತ ಜಾಗ ಬದಲಾಗಿಲ್ಲ, ಜಾಗದ ಗುಣವೇ ಬದಲಾಗಿದೆ. ಹಾಗಾಗಿ ಇಲ್ಲಿ ಬದುಕಬೇಕಾದ ಸಸ್ಯಕ್ಕೆ ಉಪ್ಪು ತಾಳುವ ಮೈ ಇದ್ದರೆ ಸಾಲದು. ಉಪ್ಪು ತೊಳೆದುಹೋಗುವ ಆ ನಾಲ್ಕು ತಿಂಗಳಲ್ಲಿ ಯಾವ ಕೆಲಸ ಮುಗಿಸಿಕೊಳ್ಳಬೇಕೆಂಬ ಲೆಕ್ಕವೂ ಅದರ ಹುಟ್ಟುಗುಣದಲ್ಲಿ ಸೇರಿರಬೇಕು. ಈ ತೀರದ ಸಸ್ಯಗಳ ಹೊಂದಾಣಿಕೆಯಲ್ಲಿ ದೇಹರಚನೆಗೆ ನಾವು ಕೊಡುವಷ್ಟೇ ತೂಕವನ್ನು ಕಾಲದ ಆಯ್ಕೆಗೂ ಕೊಡಬೇಕು ಎಂಬುದು ಈ ಟಿಪ್ಪಣಿಯ ವಾದ.

ಮೊದಲು ನೀರಿನ ಲೆಕ್ಕ. ಕಾರವಾರಕ್ಕೆ ವರ್ಷದಲ್ಲಿ ಸುಮಾರು 3,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಮೃಗಶಿರದಿಂದ ಹಿಡಿದು ಹಸ್ತದ ಹೊತ್ತಿಗೆ, ಎಂದರೆ ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವುದರೊಳಗೆ, ಸುರಿದು ಹೋಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಂದು ಹನಿ ಬಿದ್ದರೂ ಸುದ್ದಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬೇಸಿಗೆಯ ಕೊನೆಗೆ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿಯ ಮುಖದಲ್ಲಿ 30 ಗ್ರಾಂ ದಾಟುತ್ತದೆ. ನೆರೆಯ ದಿನಗಳಲ್ಲಿ ಅದೇ ಜಾಗದ ಮೇಲ್ಪದರ ಸಿಹಿನೀರಿಗೆ ಸಮೀಪ. ಉಬ್ಬರದ ಜೊತೆ ಬರುವ ಉಪ್ಪುನೀರು ಭಾರವಾದ್ದರಿಂದ ತಳ ಹಿಡಿದು ಒಳಕ್ಕೆ ನುಗ್ಗುತ್ತದೆ, ಇಳಿತಕ್ಕೆ ಹಿಂದೆ ಸರಿಯುತ್ತದೆ.

ಅಂಕೋಲೆಯವರಿಗೆ ಈ ಲೆಕ್ಕವನ್ನು ಬೇರೆ ಬಗೆಯಲ್ಲಿಯೂ ಹೇಳಬಹುದು. ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾಯಿದೆ ಮುರಿದದ್ದು 1930ರ ಏಪ್ರಿಲ್ 13ರಂದು. ಗಾಂಧೀಜಿ ದಂಡಿಗೆ ಹೊರಟ ತಿಂಗಳು ಮಾರ್ಚ್ ಆಗಿದ್ದರಿಂದ ಇಡೀ ಪಶ್ಚಿಮ ಕರಾವಳಿಗೆ ಅನುಕೂಲವಾಯಿತು ಅನ್ನಬೇಕು. ಆ ಸತ್ಯಾಗ್ರಹ ಜುಲೈನಲ್ಲಿ ಶುರುವಾಗಿದ್ದರೆ ಅಂಕೋಲೆಯ ದಂಡೆಯಲ್ಲಿ ಮುರಿಯಲು ಕಾಯಿದೆ ಇರುತ್ತಿತ್ತು, ತೆಗೆಯಲು ಉಪ್ಪು ಇರುತ್ತಿರಲಿಲ್ಲ.

ಇನ್ನು ಗಿಡದ ಮೈ. ಉಪ್ಪುನೀರಿನಲ್ಲಿ ನಿಂತ ಸಸ್ಯದ ತೊಂದರೆ ವಿಚಿತ್ರವಾದದ್ದು: ಸುತ್ತ ನೀರಿದೆ, ಕುಡಿಯಲು ಬರುವುದಿಲ್ಲ. ಸಮುದ್ರದ ನೀರಿನ ಪರಾಸರಣ ಒತ್ತಡ ಸುಮಾರು 25 ವಾಯುಭಾರದಷ್ಟು. ಬೇರು ನೀರೆಳೆಯಬೇಕಾದರೆ ಎಲೆ ಅದಕ್ಕಿಂತ ಬಲವಾಗಿ ಮೇಲಿನಿಂದ ಸೆಳೆಯಬೇಕು. ಶರೀರವಿಜ್ಞಾನಿ ಪರ್ ಶೋಲಾಂಡರ್ 1960ರ ದಶಕದಲ್ಲಿ ಕಾಂಡ್ಲಾದ ರೆಂಬೆಗಳನ್ನು ಒತ್ತಡದ ಪಾತ್ರೆಯಲ್ಲಿಟ್ಟು ಈ ಸೆಳೆತವನ್ನು ಅಳೆದರು. ಅದು ನಿಜಕ್ಕೂ ಸಮುದ್ರದ ನೀರಿನ ಒತ್ತಡವನ್ನು ಮೀರಿತ್ತು. ಕಾಳಿ, ಗಂಗಾವಳಿ ಎರಡರಲ್ಲೂ ಕಾಣುವ ರೈಜೋಫೊರಾ ಬೇರಿನ ಮಟ್ಟದಲ್ಲೇ ಉಪ್ಪಿನ ಬಹುಪಾಲನ್ನು ತಡೆದು, ಒಳಕ್ಕೆ ಹೆಚ್ಚುಕಡಿಮೆ ಸಿಹಿನೀರನ್ನೇ ಬಿಟ್ಟುಕೊಳ್ಳುತ್ತದೆ. ಈ ಸೋಸುವಿಕೆಗೆ ಗಿಡ ತೆರುವ ಬೆಲೆ ಬೇಸಿಗೆಯಲ್ಲಿ ಎದ್ದು ಕಾಣುತ್ತದೆ: ನೀರು ದುಬಾರಿಯಾದ್ದರಿಂದ ಎಲೆಯ ರಂಧ್ರಗಳನ್ನು ಬಿಗಿಹಿಡಿಯುತ್ತದೆ, ಬೆಳವಣಿಗೆ ಕುಂಟುತ್ತದೆ.

ಉಪ್ಪಟ್ಟಿಯ ದಾರಿ ಬೇರೆ. ಸಸ್ಯಶಾಸ್ತ್ರ ಅವಿಸೇನಿಯಾ ಎನ್ನುವ ಈ ಮರ ಒಂದಿಷ್ಟು ಉಪ್ಪನ್ನು ಒಳಗೆ ಬಿಟ್ಟುಕೊಂಡು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಮಾರ್ಚ್ ಕೊನೆಯ ಒಂದು ಬಿಸಿಲಿನ ದಿನ ಕೋಡಿಬಾಗದ ಕಡೆ ಕಾಳಿಯ ದಂಡೆಗೆ ಇಳಿದು ಎಲೆಯೊಂದನ್ನು ಕೈಗೆ ತೆಗೆದುಕೊಳ್ಳಿ. ಬೆಳಿಗ್ಗೆ ಅದರ ಮೇಲೆ ಸಣ್ಣ ಸಣ್ಣ ಹನಿಗಳಿರುತ್ತವೆ. ಇಬ್ಬನಿಯೆಂದುಕೊಂಡು ನಾಲಿಗೆಗೆ ತಾಗಿಸಿದರೆ ಉಪ್ಪು. ಗಾಳಿಯ ತೇವ ಆರಿ ಮಧ್ಯಾಹ್ನವಾಗುವ ಹೊತ್ತಿಗೆ ಹನಿಯಿದ್ದಲ್ಲಿ ಹೊಳೆಯುವ ಹರಳು. ಎಲೆಯ ಹಿಂಬದಿ ಬೂದುಬಣ್ಣ, ಒತ್ತಾದ ರೋಮದ ಹೊದಿಕೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ರೋಮಗಳ ಮರೆಯಲ್ಲಿ ಎಲೆಯ ರಂಧ್ರಗಳು ಅಡಗಿರುವುದು ತಿಳಿಯುತ್ತದೆ. ಆಗಸ್ಟ್‌ನಲ್ಲಿ ಅದೇ ಮರದ ಎಲೆಯನ್ನು ನೆಕ್ಕಿದರೆ ಮಳೆನೀರಿನ ರುಚಿ. ಹೊರಗೆ ಬಂದ ಉಪ್ಪನ್ನು ಮಳೆ ತೊಳೆಯುತ್ತದೆ, ಜೊತೆಗೆ ಬುಡದ ನೀರಿನಲ್ಲೇ ಉಪ್ಪು ಕಡಿಮೆ. ಗ್ರಂಥಿ ಇದೆ ಎಂದ ಮಾತ್ರಕ್ಕೆ ಅದು ವರ್ಷವಿಡೀ ಒಂದೇ ದರದಲ್ಲಿ ದುಡಿಯುತ್ತದೆ ಎಂದು ಭಾವಿಸಬಾರದು.

ಉಸಿರಾಟದ ವಿಷಯವನ್ನು ಬೇಗ ಮುಗಿಸಬಹುದು, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುವಂಥದ್ದು. ಅಳಿವೆಯ ಕೆಸರಿನಲ್ಲಿ ಒಂದೆರಡು ಅಂಗುಲದ ಕೆಳಗೆ ಆಮ್ಲಜನಕ ಇಲ್ಲವೆಂದರೂ ಸರಿ. ತುಳಿದಾಗ ಏಳುವ ಕೊಳೆತ ಮೊಟ್ಟೆಯ ವಾಸನೆಯೇ ಅದಕ್ಕೆ ಸಾಕ್ಷಿ. ಉಪ್ಪಟ್ಟಿ ನೆಲದಿಂದ ಮೇಲಕ್ಕೆ ಪೆನ್ಸಿಲ್ ಗಾತ್ರದ ಉಸಿರುಬೇರುಗಳನ್ನು ಕಳಿಸುತ್ತದೆ, ಸೊನರೇಶಿಯಾ ಎಂಬ ಇನ್ನೊಂದು ಕಾಂಡ್ಲಾದವು ಇನ್ನಷ್ಟು ದಪ್ಪ, ರೈಜೋಫೊರಾ ಊರುಬೇರುಗಳ ಮೇಲೆ ನಿಲ್ಲುತ್ತದೆ. 1955ರಲ್ಲಿ ಶೋಲಾಂಡರ್ ಮತ್ತು ಸಂಗಡಿಗರು ಈ ಬೇರುಗಳ ರಂಧ್ರಗಳಿಗೆ ಗ್ರೀಸ್ ಮೆತ್ತಿ, ನೆಲದೊಳಗಿನ ಭಾಗದಲ್ಲಿ ಆಮ್ಲಜನಕ ಇಳಿಯುವುದನ್ನು ತೋರಿಸಿದ್ದರು. ಇಲ್ಲಿಗೆ ಮುಖ್ಯವಾದ ಸಂಗತಿಯೆಂದರೆ, ನೆರೆಯಲ್ಲಿ ಬಂದ ಹೂಳು ಒಮ್ಮೆಲೇ ದಪ್ಪಗೆ ಕೂತರೆ ಉಸಿರುಬೇರುಗಳೂ ಹೂತುಹೋಗುತ್ತವೆ. ಉಪ್ಪಿನಿಂದ ಸಾಯದ ಮರ ಮಣ್ಣು ಮುಚ್ಚಿ ಸಾಯಬಹುದು. 2019ರ ಆಗಸ್ಟ್‌ನಂಥ ನೆರೆ ಎರಡೂ ನದಿಗಳಲ್ಲಿ ಬಂದಾಗ ಜನರ ಮನೆಗಳ ಹಾನಿಯನ್ನು ಬರೆದುಕೊಂಡೆವು. ಅಳಿವೆಯ ದಂಡೆಯಲ್ಲಿ ಕೂತ ಹೂಳಿನ ದಪ್ಪವನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಒಂದು ಅನುಮಾನವನ್ನೂ ಇಲ್ಲೇ ದಾಖಲಿಸಬೇಕು. ಕಾಂಡ್ಲಾ ಜಾತಿಗಳು ಹಳೆಯ ಎಲೆಗಳಿಗೆ ಉಪ್ಪು ತುಂಬಿ, ಅವನ್ನು ಉದುರಿಸಿ ಉಪ್ಪಿನಿಂದ ಪಾರಾಗುತ್ತವೆ ಎಂಬ ಕತೆ ಜನಪ್ರಿಯ. ಹಾಲು ತಾಗಿದರೆ ಕಣ್ಣಿಗೇ ಅಪಾಯ ತರುವ ಎಕ್ಸೊಕೇರಿಯಾ ಎಲೆಯುದುರುವ ಮುನ್ನ ಕೆಂಪಾಗುವುದನ್ನು ನೋಡಿದವರಿಗೆ ಈ ಕತೆ ಹಿಡಿಸುತ್ತದೆ. ಆದರೆ ಹಸಿರೆಲೆ ಮತ್ತು ಮಾಗಿದ ಎಲೆಗಳ ಉಪ್ಪನ್ನು ಹೋಲಿಸಿದ ಹಲವು ಅಧ್ಯಯನಗಳಲ್ಲಿ ದೊಡ್ಡ ವ್ಯತ್ಯಾಸ ಸಿಕ್ಕಿಲ್ಲ. ಮರ ಎಲೆಯುದುರಿಸುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಕತೆ ಚೆನ್ನಾಗಿದೆಯೆಂಬುದು ಪುರಾವೆಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಳೆದ ಮರ ಬೇಸಿಗೆಯ ಉಪ್ಪನ್ನು ಹೇಗೋ ತಡೆದುಕೊಳ್ಳುತ್ತದೆ. ಸಸಿಗೆ ಆ ಶಕ್ತಿ ಇರುವುದಿಲ್ಲ. ಪ್ರಯೋಗಗಳಲ್ಲಿ ಬೆಳೆಸಿ ನೋಡಿದಾಗ ಹಲವು ಕಾಂಡ್ಲಾ ಜಾತಿಗಳ ಸಸಿಗಳು ಪೂರ್ತಿ ಸಮುದ್ರದ ನೀರಿಗಿಂತ, ಅದರ ಕಾಲುಭಾಗದಿಂದ ಅರ್ಧಭಾಗದಷ್ಟು ಉಪ್ಪಿರುವ ನೀರಿನಲ್ಲಿ ಚೆನ್ನಾಗಿ ಏಳುತ್ತವೆ. ನಮ್ಮ ಅಳಿವೆಗಳಲ್ಲಿ ಅಂಥ ನೀರು ಸಿಗುವುದು ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗಿರುವ ಕೆಲವು ವಾರಗಳಲ್ಲಿ. ರೈಜೋಫೊರಾದ ಬೀಜ ಮರದಲ್ಲಿದ್ದಾಗಲೇ ಮೊಳೆತು ಉದ್ದನೆಯ ಹಸಿರು ಕೋಡಾಗುತ್ತದೆ. ಮುಕ್ರೊನಾಟಾ ಜಾತಿಯಲ್ಲಿ ಅದು ಮೊಳದುದ್ದಕ್ಕೂ ಮೀರಿ ಬೆಳೆಯಬಲ್ಲದು. ಹೂವಿನಿಂದ ಕೋಡಿನವರೆಗೆ ಹಲವು ತಿಂಗಳು ಹಿಡಿದರೂ ಮಾಗಿದ ಕೋಡುಗಳು ದಂಡಿಯಾಗಿ ಬೀಳುವುದು ಮಳೆ ಹಿಡಿದ ಮೇಲೆ. ಅರಣ್ಯ ಇಲಾಖೆಯವರು ನರ್ಸರಿಗೆ ಕೋಡು ಆರಿಸುವುದೂ ಆಗಲೇ. ಉಪ್ಪಟ್ಟಿಯದು ಸಿಪ್ಪೆಯೊಳಗೇ ಮೊಳೆತಿರುವ ಚಪ್ಪಟೆ ಕಾಯಿ. ಅದೂ ಮಳೆಗಾಲದಲ್ಲೇ ಬಲಿತು ನೀರಿಗೆ ಬೀಳುತ್ತದೆ, ಒಂದೆರಡು ದಿನದಲ್ಲಿ ಸಿಪ್ಪೆ ಕಳಚಿ ಬೇರಿಡುತ್ತದೆ.

ತಾಯಿಮರದಲ್ಲೇ ಮೊಳೆಯುವ ಈ ಗುಣವನ್ನು ಬರಿ ಉಪ್ಪಿನಿಂದ ರಕ್ಷಣೆ ಎಂದು ವಿವರಿಸುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಅಪೂರ್ಣ. ಮಳೆಗಾಲ ಚಿಕ್ಕದು. ಕೆಸರಿಗೆ ಬಿದ್ದ ಮೇಲೆ ಮೊಳೆಯಲು ಶುರುಮಾಡುವ ಬೀಜ ಆ ಅವಧಿಯ ಅಮೂಲ್ಯ ವಾರಗಳನ್ನು ಕಳೆದುಕೊಳ್ಳುತ್ತದೆ. ಮೊದಲೇ ಮೊಳೆತು ಬಂದ ಕೋಡು ನೀರು ಚಪ್ಪೆಯಾಗಿರುವಾಗಲೇ ಬೇರು ಊರಿ, ಎಲೆ ಬಿಚ್ಚಿ, ನವೆಂಬರ್‌ನಲ್ಲಿ ಉಪ್ಪು ಮೇಲೇರುವ ಹೊತ್ತಿಗೆ ನಾಲ್ಕೈದು ತಿಂಗಳ ಸಸಿಯಾಗಿರುತ್ತದೆ. ಆಮೇಲೆ ಬರುವ ಏಪ್ರಿಲ್ ಅದರ ಮೊದಲ ಪರೀಕ್ಷೆ. ಮೊಳಕೆಯ ಬಗೆಯನ್ನೂ ಮೊಳಕೆಯ ತಿಂಗಳನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದರೆ ಈ ಸಂಬಂಧ ಕಣ್ಣಿಗೆ ಬೀಳುವುದಿಲ್ಲ.

ಕೋಡು ಈಟಿಯಂತೆ ಬಿದ್ದು ಕೆಸರಿನಲ್ಲಿ ನೆಟ್ಟುಕೊಳ್ಳುತ್ತದೆ ಎಂಬ ವರ್ಣನೆಯೂ ಅತಿಶಯೋಕ್ತಿಯೇ. ಇಳಿತದ ಹೊತ್ತಿನಲ್ಲಿ ಬಿದ್ದ ಕೆಲವು ಹಾಗೆ ನಿಲ್ಲುತ್ತವೆ, ನಿಜ. ಉಳಿದವು ತೇಲುತ್ತವೆ, ದಡಕ್ಕೆ ಬಂದು ಅಡ್ಡ ಮಲಗುತ್ತವೆ, ಮಲಗಿದಲ್ಲೇ ತುದಿಯಿಂದ ಬೇರು ಬಿಟ್ಟು ನಿಧಾನವಾಗಿ ನೆಟ್ಟಗಾಗುತ್ತವೆ. 1978ರಲ್ಲಿ ಡೆಬೋರಾ ರಾಬಿನೋವಿಟ್ಸ್ ಪನಾಮಾದ ಕಾಂಡ್ಲಾವನಗಳನ್ನು ನೋಡಿ, ಯಾವ ಜಾತಿ ದಂಡೆಯ ಎಲ್ಲಿ ನೆಲೆಸುತ್ತದೆ ಎಂಬುದನ್ನು ಮೊಳಕೆಯ ಗಾತ್ರ ಮತ್ತು ಉಬ್ಬರದ ಆಳ ಸೇರಿ ನಿರ್ಧರಿಸುತ್ತವೆ ಎಂದು ವಾದಿಸಿದರು: ದೊಡ್ಡ ಕೋಡು ನೀರಂಚಿಗೆ, ಸಣ್ಣ ಕಾಯಿ ಎತ್ತರದ ನೆಲಕ್ಕೆ. ಜಾಣ ವಾದ. ಆದರೆ ನಮ್ಮ ತೀರದಲ್ಲಿ ಸಣ್ಣ ಕಾಯಿಯ ಉಪ್ಪಟ್ಟಿಯೇ ಹೊಸದಾಗಿ ಎದ್ದ ಕೆಸರು ದಿಬ್ಬಗಳಿಗೆ ಮುಂಚಿತವಾಗಿ ಬಂದು ಕೂರುವ ಗಿಡಗಳಲ್ಲೊಂದು. ಪನಾಮಾದ ಸೂತ್ರವನ್ನು ಕಾಳಿಗೆ ಹಾಗೇ ಅಂಟಿಸಲು ಆಗುವುದಿಲ್ಲ.

ಕಾಡಿನ ಮರ ಮಾಡಿಕೊಂಡ ಇದೇ ಲೆಕ್ಕವನ್ನು ಇಲ್ಲಿನ ರೈತರು ಭತ್ತದ ಮೇಲೆ ಹಾಕಿದ್ದಾರೆ. ಗಂಗಾವಳಿಯ ದಂಡೆಗಳಲ್ಲಿ, ಅದಕ್ಕೂ ದೊಡ್ಡ ಪ್ರಮಾಣದಲ್ಲಿ ಪಕ್ಕದ ಕುಮಟಾ ತಾಲ್ಲೂಕಿನ ಅಘನಾಶಿನಿಯಲ್ಲಿ, ಉಬ್ಬರದ ನೀರು ಏರುವ ತಗ್ಗು ಜಮೀನಿಗೆ ಗಜನಿ ಎನ್ನುತ್ತಾರೆ. ನದಿಯ ಕಡೆಗೆ ಮಣ್ಣಿನ ಒಡ್ಡು, ಒಡ್ಡಿನಲ್ಲಿ ನೀರು ಬಿಡಲು–ತಡೆಯಲು ಜಂತ್ರಡಿ ಎಂಬ ಹಲಗೆ ಬಾಗಿಲು. ಬೇಸಿಗೆಯಲ್ಲಿ ಇಲ್ಲಿ ಉಪ್ಪುನೀರು ಆಡುತ್ತದೆ, ಮೀನು–ಸೀಗಡಿ ಬೆಳೆಯುತ್ತವೆ. ಮಳೆ ಬಿದ್ದೊಡನೆ ಬಾಗಿಲು ಹಾಕಿ, ಮಳೆನೀರಿನಿಂದ ಮಣ್ಣಿನ ಉಪ್ಪು ತೊಳೆದು ಹೊರಬಿಟ್ಟು, ಕಗ್ಗ ಭತ್ತದ ಮೊಳಕೆ ಚೆಲ್ಲುತ್ತಾರೆ. ಅಕ್ಟೋಬರ್–ನವೆಂಬರ್‌ನಲ್ಲಿ ಕೊಯ್ಲು. ಕೂಳೆ ಮತ್ತೆ ಉಪ್ಪುನೀರಿಗೆ ಬಿದ್ದು ಕೊಳೆತು ಮೀನಿನ ಮೇವಾಗುತ್ತದೆ. ಗೊಬ್ಬರದ ಖರ್ಚಿಲ್ಲ; ನೆರೆ ತಂದ ಗೋಡೇ ಗೊಬ್ಬರ.

ಕರಿ ಕಗ್ಗ, ಬಿಳಿ ಕಗ್ಗ ಎಂದು ಬೇರೆ ಬೇರೆ ತಳಿಗಳಿವೆ. ಗಿಡ ಎತ್ತರ, ಕಾಳಿಗೆ ಮೀಸೆ, ಅಕ್ಕಿ ಕೆಂಪು. ನೆರೆ ನಿಂತರೆ ಕೆಲವು ದಿನ ಮುಳುಗಿಯೂ ಬದುಕುತ್ತದೆ, ನೀರೇರಿದಂತೆ ಕಾಂಡ ನೀಳವಾಗುತ್ತದೆ. ಇದನ್ನು ಉಪ್ಪುನೀರಿನ ಭತ್ತ ಎಂದು ಪತ್ರಿಕೆಗಳು ಬರೆಯುವುದುಂಟು. ನನ್ನ ಅಭಿಪ್ರಾಯದಲ್ಲಿ ಅದು ದಾರಿತಪ್ಪಿಸುವ ಹೆಸರು. ಭತ್ತದ ಗಿಡ ಉಪ್ಪಿಗೆ ಅತಿ ಹೆಚ್ಚು ಬೆದರುವುದು ಎರಡು ಹಂತಗಳಲ್ಲಿ: ಸಸಿಯಾಗಿರುವಾಗ ಮತ್ತು ಹೂ ಬಿಡುವಾಗ. ಕಗ್ಗದ ಕಾಲಪಟ್ಟಿಯಲ್ಲಿ ಸಸಿಯ ಹಂತ ಜೂನ್–ಜುಲೈಗೆ ಬೀಳುತ್ತದೆ, ಹೂವಿನ ಹಂತ ಮಳೆ ಇನ್ನೂ ಪೂರ್ತಿ ಬಿಡದ ದಿನಗಳಿಗೆ. ಎರಡೂ ಚಪ್ಪೆ ನೀರಿನ ತಿಂಗಳು. ಹಾಗಾದರೆ ಉಪ್ಪು ತಾಳುವ ಶಕ್ತಿ ಬೇಕಾಗುವುದು ಯಾವಾಗ? ಮಳೆ ವಾರಗಟ್ಟಲೆ ಕೈಕೊಟ್ಟಾಗ, ಒಡ್ಡು ಸೋರಿ ಉಬ್ಬರದ ನೀರು ನುಗ್ಗಿದಾಗ, ಕಾಳು ಕಟ್ಟುವ ಕೊನೆಯ ದಿನಗಳಲ್ಲಿ. ತಾಳುವ ಶಕ್ತಿ ಇಲ್ಲಿ ದಿನನಿತ್ಯದ ಊಟವಲ್ಲ, ಆಪತ್ತಿಗೆ ಇಟ್ಟ ದುಡ್ಡು.

ಆ ಶಕ್ತಿಯ ಒಳಗುಟ್ಟು ಭತ್ತದ ದೇಸಿ ತಳಿಗಳ ಅಧ್ಯಯನದಿಂದ ತಕ್ಕಮಟ್ಟಿಗೆ ಬಯಲಾಗಿದೆ. ಕೇರಳದ ಪೊಕ್ಕಾಳಿಯಿಂದ ಒಂದನೇ ವರ್ಣತಂತುವಿನ ಸಾಲ್ಟಾಲ್ ಎಂಬ ಭಾಗವನ್ನು ಗುರುತಿಸಿ ತಳಿ ಸುಧಾರಣೆಗೆ ಬಳಸುತ್ತಿದ್ದಾರೆ. ಬಂಗಾಳದ ನೋನಾ ಬೊಕ್ರಾ ತಳಿಯಲ್ಲಿ, ಬೇರಿನಿಂದ ಮೇಲೇರುವ ರಸದಿಂದ ಸೋಡಿಯಂ ಅನ್ನು ಹಿಂದಕ್ಕೆ ತೆಗೆದುಕೊಳ್ಳುವ ವಾಹಕವೊಂದನ್ನು 2005ರಲ್ಲಿ ಗುರುತಿಸಲಾಯಿತು: ಉಪ್ಪು ಎಲೆಗೆ ಹೋಗದಂತೆ ಬೇರಿನ ಹತ್ತಿರವೇ ತಡೆಯುವ ಏರ್ಪಾಡು. ರೈಜೋಫೊರಾ ಮಾಡುವ ಕೆಲಸದ ಬಡ ದಾಯಾದಿ ಎನ್ನಬಹುದು. ಆದರೆ ವಂಶವಾಹಿಯನ್ನು ಬೇರೆ ತಳಿಗೆ ದಾಟಿಸಬಹುದು, ಜಂತ್ರಡಿಯನ್ನು ಯಾವ ಹೊತ್ತಿಗೆ ಹಾಕಬೇಕು ತೆಗೆಯಬೇಕು ಎಂಬ ಊರಿನವರ ಒಪ್ಪಂದವನ್ನು ದಾಟಿಸಲು ಬರುವುದಿಲ್ಲ. ಕಗ್ಗ ಉಳಿಯಲು ಎರಡೂ ಬೇಕು. ಒಡ್ಡು ಒಡೆದು ಕೆಲವು ವರ್ಷ ಬಿಟ್ಟ ಗಜನಿಗಳಿಗೆ ಮೊದಲು ಬರುವವರು ಯಾರೆಂದರೆ ಉಪ್ಪಟ್ಟಿ ಮತ್ತು ಮುಳ್ಳೆಲೆಯ ಹೊಳೆಚುಳ್ಳಿ. ಬೇಸಾಯಗಾರರಿಗೆ ಅದು ಪಾಳು, ಸಸ್ಯಶಾಸ್ತ್ರಜ್ಞರಿಗೆ ಅದು ಪುನರುಜ್ಜೀವನ. ಇಬ್ಬರ ಮಾತಿನಲ್ಲೂ ಹುರುಳಿದೆ, ಈ ಜಗಳವನ್ನು ಇಲ್ಲಿ ಬಗೆಹರಿಸುವ ಉದ್ದೇಶ ನನಗಿಲ್ಲ.

ಅಳಿವೆಯಿಂದ ಮೇಲೆ ಹತ್ತಿದರೂ ಅದೇ ಕಾಲಗಣನೆ ಮುಂದುವರಿಯುತ್ತದೆ. ಅಂಕೋಲೆಯ ಹೆಸರನ್ನು ಭೌಗೋಳಿಕ ಗುರುತಿನ ಪಟ್ಟಿಗೆ ಸೇರಿಸಿದ ಕರಿ ಇಶಾಡ ಮಾವನ್ನೇ ನೋಡಿ. ಮಾವು ಮೇ ತಿಂಗಳಲ್ಲಿ ಹಣ್ಣಾಗುತ್ತದೆ, ಹಲಸು ಮಳೆಯ ಹೊಸ್ತಿಲಲ್ಲಿ. ಎರಡರ ಬೀಜವನ್ನೂ ಒಣಗಿಸಿ ಡಬ್ಬಿಯಲ್ಲಿಟ್ಟರೆ ಸಾಯುತ್ತದೆ. ತೇವ ಆರುವ ಮುನ್ನ ಮಣ್ಣು ಸೇರಬೇಕು. ಘಟ್ಟದ ಹಲವು ನಿತ್ಯಹರಿದ್ವರ್ಣ ಮರಗಳ ಬೀಜಗಳೂ ಹೀಗೆಯೇ. ನಿದ್ದೆ ಮಾಡುವ ಬೀಜ ಬಯಲುಸೀಮೆಯ ಉಪಾಯ, ಯಾವಾಗ ಮಳೆ ಬರುವುದೋ ಗೊತ್ತಿಲ್ಲದ ಕಡೆ ಅದು ಬೇಕು. ಇಲ್ಲಿ ಮಳೆಯ ದಿನಾಂಕ ಹೆಚ್ಚುಕಡಿಮೆ ಗೊತ್ತಿರುವುದರಿಂದ ಬೀಜ ನಿದ್ದೆಯ ಏರ್ಪಾಡನ್ನೇ ಇಟ್ಟುಕೊಂಡಿಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದು ಹೆಸರಾದದ್ದು ಇದೇ ವಿದ್ಯೆಯಲ್ಲಿ: ಯಾವುದು ತಾಯಿಮರ, ಅದರ ಬೀಜವನ್ನು ಯಾವ ವಾರ ಆರಿಸಬೇಕು ಎಂಬುದು. ಹಾಲಕ್ಕಿ ಒಕ್ಕಲಿಗ ಸಮುದಾಯದ ಅವರಿಗೆ 2020ರ ಪದ್ಮಶ್ರೀ ಬಂತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ಪತ್ರಿಕೆಗಳು ಅವರು ನೆಟ್ಟ ಗಿಡಗಳ ಲಕ್ಷದ ಲೆಕ್ಕವನ್ನೇ ಮತ್ತೆ ಮತ್ತೆ ಬರೆದವು. ಆ ಎಣಿಕೆಗಿಂತ ಅವರ ಬೀಜದ ಕಾಲಜ್ಞಾನ ಶಾಸ್ತ್ರಕ್ಕೆ ಹೆಚ್ಚು ಉಪಯೋಗದ್ದು. ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿದ್ದ ಡಬ್ಲ್ಯು. ಎ. ಟಾಲ್ಬಟ್ ಮುಂಬಯಿ ಪ್ರಾಂತ್ಯದ ಅರಣ್ಯ ಸಸ್ಯಗಳ ಬಗ್ಗೆ 1909–11ರಲ್ಲಿ ಪ್ರಕಟಿಸಿದ ಸಂಪುಟಗಳು ಮುದ್ರಣದಲ್ಲಿವೆ. ತುಳಸಿ ಗೌಡರಂಥವರ ತಿಳಿವಳಿಕೆ ಬಾಯಿಂದ ಬಾಯಿಗೆ ಸಾಗಿದ್ದಷ್ಟೇ.

ಮರಳಿನ ಮೇಲೆ ಕೂಡ ವರ್ಷ ಎರಡು ಹೋಳು. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಕೊಚ್ಚಿ ಒಳಕ್ಕೆಳೆಯುತ್ತವೆ. ಅಕ್ಟೋಬರ್ ನಂತರದ ಶಾಂತ ಅಲೆಗಳು ತಂದು ಹಾಕುತ್ತವೆ. ಅಡುಂಬು ಬಳ್ಳಿಯ ಬದುಕು ಈ ಕೊಡುಕೊಳ್ಳುವಿಕೆಯ ಮೇಲೆ ನಿಂತಿದೆ. ಆಡಿನ ಗೊರಸಿನ ಆಕಾರದ ಅದರ ದಪ್ಪ ಎಲೆಗಳು ಎಲ್ಲರಿಗೂ ಪರಿಚಿತ. ಬಳ್ಳಿಯೊಂದನ್ನು ಮರಳಿನಿಂದ ಸ್ವಲ್ಪ ಎತ್ತಿ ನೋಡಿದರೆ ಪ್ರತಿ ಗಿಣ್ಣಿನಲ್ಲೂ ಬೇರು. ಮುಂದಿನ ತುದಿಯನ್ನು ಸಮುದ್ರ ಕಿತ್ತುಕೊಂಡರೂ ಹಿಂದಿನ ಗಿಣ್ಣುಗಳು ಉಳಿಯುತ್ತವೆ, ಮಳೆ ನಿಂತ ಮೇಲೆ ಅಲ್ಲಿಂದಲೇ ಹೊಸ ಬಳ್ಳಿ ನೀರಿನ ಕಡೆಗೆ ಹರಿಯುತ್ತದೆ. ಮೇಲೆ ಮರಳು ಬಿದ್ದು ಹೂತರೆ ಅದಕ್ಕೆ ತೊಂದರೆಯಿಲ್ಲ, ಮೇಲೆದ್ದು ಬರುತ್ತದೆ. ಬೀಜ ರೋಮಭರಿತ, ಸಮುದ್ರದಲ್ಲಿ ತಿಂಗಳುಗಟ್ಟಲೆ ತೇಲಿದರೂ ಮೊಳೆಯುವ ಶಕ್ತಿ ಕಳೆದುಕೊಳ್ಳುವುದಿಲ್ಲ. ಅದರ ನೆರೆಯ ಸ್ಪಿನಿಫೆಕ್ಸ್ ಹುಲ್ಲಿನಲ್ಲಿ ಗಂಡು ಹೆಣ್ಣು ಗಿಡ ಬೇರೆ ಬೇರೆ. ಹೆಣ್ಣಿನ ಮುಳ್ಳುಚೆಂಡು ಬಲಿತಾಗ ಕಳಚಿಕೊಂಡು ಗಾಳಿಗೆ ಮರಳ ಮೇಲೆ ಉರುಳುತ್ತ ಹೋಗುತ್ತದೆ. ಒದ್ದೆ ಮರಳಿನಲ್ಲಿ ಅದು ಉರುಳದು. ಅದಕ್ಕೆ ಬೇಕಾದದ್ದು ಒಣ ತಿಂಗಳ ಗಾಳಿ.

ಕಾರವಾರದ ಕಡಲತೀರ ಎಂದಾಕ್ಷಣ ಕಣ್ಣಮುಂದೆ ಬರುವ ಗಾಳಿಮರ ಈ ಊರಿನದಲ್ಲ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಕೆಲವೇ ವರ್ಷಗಳಲ್ಲಿ, 1868ರಲ್ಲಿ, ಅದನ್ನು ಇಲ್ಲಿ ನೆಟ್ಟರು. ರವೀಂದ್ರನಾಥ ಠಾಕೂರರು 1880ರ ದಶಕದ ಆರಂಭದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಾಗ ಕಂಡು ಮುಂದೆ ನೆನಪಿನಲ್ಲಿ ಬರೆದ ಗಾಳಿತೋಪಿನ ಮರಗಳಿಗೆ ಹೆಚ್ಚೆಂದರೆ ಹದಿನೈದರ ಆಸುಪಾಸು ವಯಸ್ಸಾಗಿರಬೇಕು. ಮರ ಮಾತ್ರ ಮರಳಿಗೆ ಹೇಳಿಮಾಡಿಸಿದಂಥದ್ದು. ಸೂಜಿಯಂತೆ ಕಾಣುವುದು ಎಲೆಯಲ್ಲ, ಹಸಿರು ಕಡ್ಡಿ. ಗೆಣ್ಣು ಗೆಣ್ಣಿಗೆ ಹಲ್ಲಿನಂತೆ ಅಂಟಿಕೊಂಡ ಪುಟ್ಟ ಪೊರೆಗಳೇ ಎಲೆ; ಕಡ್ಡಿಯ ಗೀರುಗಳೊಳಗೆ ರಂಧ್ರಗಳು ಗಾಳಿಯಿಂದ ಅಡಗಿವೆ. ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಸತ್ವವಿಲ್ಲದ ಮರಳಿನಲ್ಲೂ ಅದು ಬೆಳೆಯುತ್ತದೆ. ಇಷ್ಟಿದ್ದೂ ಕೊರೆತದ ಅಂಚಿನಲ್ಲಿ ಉರುಳಿ ಬಿದ್ದಿರುವುದು ಗಾಳಿಮರವೇ. ಬಳ್ಳಿ ಹಿಂದೆ ಸರಿದು ಮುಂದೆ ಬರಬಲ್ಲದು, ಮರಕ್ಕೆ ಆ ಸೌಲಭ್ಯವಿಲ್ಲ. ಅದರ ಒಣ ಕಡ್ಡಿಗಳ ದಪ್ಪ ಹಾಸಿನ ಕೆಳಗೆ ಅಡುಂಬೂ ಏಳುವುದಿಲ್ಲ. ಮರಳು ಕಾಯುವ ಕೆಲಸಕ್ಕೆ ಮುಂದಿನ ಸಾಲಿನಲ್ಲಿ ಬಳ್ಳಿ ಮತ್ತು ಹುಲ್ಲು, ಹಿಂದೆ ಕೇದಗೆ, ಸುರಹೊನ್ನೆ, ಹೊಂಗೆ ಎಂಬ ಹಳೆಯ ಕ್ರಮವೇ ಮೇಲು ಎಂಬುದು ನನ್ನ ಅನಿಸಿಕೆ.

ಇಲ್ಲಿಯವರೆಗಿನ ವಾದ ಒಪ್ಪಿತವಾದರೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ನೀರಿನ ಕಾಲಪಟ್ಟಿಯನ್ನೇ ಬದಲಿಸಿದರೆ ಏನಾಗುತ್ತದೆ? ಇದನ್ನು ಕೇಳಲು ಕಾರವಾರ–ಅಂಕೋಲೆಯಷ್ಟು ಅನುಕೂಲವಾದ ಜಾಗ ಕರಾವಳಿಯಲ್ಲಿ ವಿರಳ. ಎರಡು ಅಳಿವೆಗಳ ನಡುವೆ ನೇರ ದೂರ ಸುಮಾರು ಮೂವತ್ತು ಕಿಲೋಮೀಟರ್ ಅಷ್ಟೇ. ಮಳೆ ಒಂದೇ, ಸಮುದ್ರ ಒಂದೇ, ಉಬ್ಬರದ ಎತ್ತರ ಒಂದೇ. ನದಿಗಳ ಹಣೆಬರಹ ಬೇರೆ. ಜೊಯಿಡಾದ ದಿಗ್ಗಿಯಲ್ಲಿ ಹುಟ್ಟುವ ಕಾಳಿಗೆ 1987ರಲ್ಲಿ ಸೂಪಾ ಅಣೆಕಟ್ಟು ಬಂತು. ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕಡೆಗೆ ಸಮುದ್ರಕ್ಕೆ ಹತ್ತಿರವಾಗಿ ಕದ್ರಾ. ಗಂಗಾವಳಿ, ಘಟ್ಟದ ಮೇಲೆ ಬೇಡ್ತಿ ಎನಿಸಿಕೊಳ್ಳುವ ನದಿ, ತನ್ನ ಪಾಲಿನ ಜಲವಿದ್ಯುತ್ ಯೋಜನೆಯಿಂದ ಪಾರಾಯಿತು. ಶಿರಸಿಯ ತೋಟಗಾರರು ಮತ್ತು ಪರಿಸರಾಸಕ್ತರು 1980ರ ದಶಕದ ಆರಂಭದಲ್ಲಿ ಎತ್ತಿದ ಪ್ರಶ್ನೆಗಳ ನಂತರ ಅದು ಮೂಲೆ ಸೇರಿತು.

ಜಲವಿದ್ಯುತ್ ಅಣೆಕಟ್ಟು ನೀರನ್ನು ತಿನ್ನುವುದಿಲ್ಲ, ತಿಂಗಳುಗಳ ನಡುವೆ ಹಂಚುತ್ತದೆ. ಮಳೆಗಾಲದ ನೀರು ಹಿಡಿದಿಟ್ಟು ಟರ್ಬೈನ್ ತಿರುಗಿದಾಗಲೆಲ್ಲ, ಏಪ್ರಿಲ್‌ನಲ್ಲೂ, ಕೆಳಕ್ಕೆ ಬಿಡುತ್ತದೆ. ಅಳಿವೆಯ ಮೇಲಿನ ಭಾಗದಲ್ಲಿ ಬೇಸಿಗೆಯ ಉಪ್ಪು ತಗ್ಗುತ್ತದೆ. ಇದರ ಅತಿರೇಕದ ರೂಪ ಹೊನ್ನಾವರದ ಶರಾವತಿಯಲ್ಲಿದೆ: 1964ರ ಲಿಂಗನಮಕ್ಕಿಯ ನಂತರ ವಿದ್ಯುದಾಗಾರಗಳಿಂದ ವರ್ಷವಿಡೀ ಬರುವ ಸಿಹಿನೀರಿನಿಂದ ಅಲ್ಲಿನ ಅಳಿವೆಯ ಉಪ್ಪು ಬಹಳ ಇಳಿದು, ಕಪ್ಪೆಚಿಪ್ಪುಗಳ ಸಂಪತ್ತು ಕ್ಷೀಣಿಸಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ, ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಅಣೆಕಟ್ಟಿಲ್ಲದ ಅಘನಾಶಿನಿಯೊಂದಿಗೆ ಹೋಲಿಸಿ ದಾಖಲಿಸಿದ್ದಾರೆ. ಕಾಳಿ ಇವೆರಡರ ನಡುವಿನ ಸ್ಥಿತಿಯಲ್ಲಿದೆ.

ಈ ಬದಲಾವಣೆಯನ್ನು ಅಳೆಯಲು ಯಂತ್ರಕ್ಕಿಂತ ಮೊದಲು ಒಂದು ಮರವನ್ನು ನಂಬಬಹುದು. ಸೊನರೇಶಿಯಾದ ಎರಡು ಜಾತಿಗಳು ಈ ತೀರದಲ್ಲಿವೆ. ಆಲ್ಬಾ ನದಿಮುಖದ ಹೆಚ್ಚು ಉಪ್ಪಿನ ಕಡೆಗೆ, ಕೇಸಿಯೊಲಾರಿಸ್ ಒಳಗಿನ ಕಡಿಮೆ ಉಪ್ಪಿನ ಕಡೆಗೆ. ಗುರುತಿಸುವುದು ಕಷ್ಟವಲ್ಲ. ಎರಡರ ಹೂವೂ ರಾತ್ರಿ ಅರಳಿ ಬಾವಲಿಗಳನ್ನು ಕರೆಯುತ್ತದೆ, ಬೆಳಿಗ್ಗೆಗೆ ಕೇಸರಗಳು ನೀರಿನ ಮೇಲೆ ಉದುರಿರುತ್ತವೆ: ಬಿಳಿಯಾಗಿದ್ದರೆ ಆಲ್ಬಾ, ಬುಡದಲ್ಲಿ ಕೆಂಪಾಗಿದ್ದರೆ ಕೇಸಿಯೊಲಾರಿಸ್. ಕಾಯಿಯಾದಾಗ ಕೇಸಿಯೊಲಾರಿಸ್‌ನ ಪುಷ್ಪಪಾತ್ರೆ ತಟ್ಟೆಯಂತೆ ಹರಡಿರುತ್ತದೆ, ಆಲ್ಬಾದಲ್ಲಿ ಅದರ ಹಾಲೆಗಳು ಹಿಂದಕ್ಕೆ ಮಡಚಿರುತ್ತವೆ. ದೋಣಿಯಲ್ಲಿ ನದಿಮುಖದಿಂದ ಮೇಲಕ್ಕೆ ಹೋಗುತ್ತ ಎಲ್ಲಿ ಆಲ್ಬಾ ಮುಗಿಯುತ್ತದೆ, ಎಲ್ಲಿ ಕೇಸಿಯೊಲಾರಿಸ್‌ನ ಎಳೆಯ ಸಸಿಗಳು ಶುರುವಾಗುತ್ತವೆ ಎಂದು ನಕ್ಷೆಯ ಮೇಲೆ ಗುರುತು ಹಾಕಿದರೆ, ಅದು ಹಲವು ಬೇಸಿಗೆಗಳ ಉಪ್ಪಿನ ಸರಾಸರಿ. ದೊಡ್ಡ ಮರಗಳನ್ನಲ್ಲ, ಸಸಿಗಳನ್ನು ಗುರುತಿಸಬೇಕು. ದೊಡ್ಡ ಮರ ಅಣೆಕಟ್ಟಿಗೂ ಮೊದಲಿನ ನೀರಿನಲ್ಲಿ ಹುಟ್ಟಿದ್ದಿರಬಹುದು. ಕೇಸಿಯೊಲಾರಿಸ್‌ನ ಸಸಿಗಳು ಕಾಳಿಯಲ್ಲಿ ಸಮುದ್ರದ ಕಡೆಗೆ ಇಳಿಯುತ್ತಿದ್ದು ಗಂಗಾವಳಿಯಲ್ಲಿ ನಿಂತಲ್ಲೇ ನಿಂತಿದ್ದರೆ ಅಣೆಕಟ್ಟಿನ ಪಾತ್ರಕ್ಕೆ ಬಲವಾದ ಪುರಾವೆ ಸಿಕ್ಕಂತೆ. ಎರಡರಲ್ಲೂ ಒಂದೇ ದಿಕ್ಕಿಗೆ ಸರಿದಿದ್ದರೆ ಕಾರಣವನ್ನು ಮಳೆಯಲ್ಲೋ ಸಮುದ್ರಮಟ್ಟದಲ್ಲೋ ಹುಡುಕಬೇಕು. ಕೋಡಿಬಾಗದಲ್ಲೇ ಇರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗದ ವಿದ್ಯಾರ್ಥಿಗಳಿಗೆ ಇದು ಒಂದೆರಡು ಬೇಸಿಗೆಯಲ್ಲಿ ಮುಗಿಯುವ ಕೆಲಸ.

ಕಾಂಡ್ಲಾ ನೆಡುತೋಪುಗಳ ಬಗ್ಗೆಯೂ ಒಂದು ಮಾತು. ನೆಡುವವರ ಒಲವು ರೈಜೋಫೊರಾದ ಕಡೆಗೆ, ಕಾರಣ ಸರಳ: ಕೋಡು ದೊಡ್ಡದು, ಆರಿಸುವುದು ಸುಲಭ, ಕೆಸರಿಗೆ ಚುಚ್ಚಿದರೆ ಸಾಲು ನೇರವಾಗಿ ಫೋಟೋಗೆ ಚೆನ್ನಾಗಿ ಬರುತ್ತದೆ. ಬೇಸಿಗೆಯ ಉಪ್ಪು ಬದಲಾಗಿರುವ ಕಡೆ ಯಾವ ಜಾತಿ ತಾನಾಗಿ ಬರುತ್ತಿದೆ ಎಂದು ನೋಡದೆ ನೆಟ್ಟರೆ ಮೊದಲ ಮಳೆಗಾಲದ ಹಸಿರು ಎರಡನೆಯದಕ್ಕೆ ಉಳಿದಿರುತ್ತದೆ ಎಂಬ ಭರವಸೆಯಿಲ್ಲ.

ಗಂಗಾವಳಿಯ ಹೋಲಿಕೆಗೆ ಇರುವ ಅವಧಿ ಮಾತ್ರ ಅನಿರ್ದಿಷ್ಟ. ಬೇಡ್ತಿಯ ನೀರನ್ನು ವರದಾ ನದಿಗೆ ಒಯ್ಯುವ ಬೇಡ್ತಿ–ವರದಾ ಜೋಡಣೆಯ ಮಾತು ಮತ್ತೆ ಕೇಳಿಬರುತ್ತಿದೆ. ಅದರ ಪರವಾಗಿ ಹೇಳುವವರು ಮಳೆಗಾಲದಲ್ಲಿ ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರನ್ನಷ್ಟೇ ತೆಗೆಯುತ್ತೇವೆ ಎನ್ನುತ್ತಾರೆ. ಮೃಗಶಿರ–ಆರಿದ್ರಾದಲ್ಲಿ ಹರಿಯುವ ನೀರು ಗಜನಿಯ ಮಣ್ಣಿನ ಉಪ್ಪನ್ನು ತೊಳೆಯುತ್ತದೆ, ಕಗ್ಗದ ಮೊಳಕೆಗೆ ನೆಲ ಹದಮಾಡುತ್ತದೆ, ಅದೇ ವಾರಗಳಲ್ಲಿ ಬಿದ್ದ ಕಾಂಡ್ಲಾ ಕೋಡುಗಳಿಗೆ ಬೇರೂರುವಷ್ಟು ಚಪ್ಪೆ ನೀರು ಕೊಡುತ್ತದೆ. ಎಷ್ಟು ತೆಗೆದರೆ ಈ ಕೆಲಸ ಕೆಡುತ್ತದೆ ಎಂಬುದನ್ನು ವಾರ್ಷಿಕ ಹರಿವಿನ ಒಟ್ಟು ಮೊತ್ತದಿಂದ ಲೆಕ್ಕಹಾಕಲು ಬರುವುದಿಲ್ಲ, ವಾರದ ಲೆಕ್ಕವೇ ಬೇಕು. ಅದಕ್ಕೆ ಗಂಗಾವಳಿಯ ಮುಖದಲ್ಲಿರುವ ಮಂಜುಗುಣಿಯ ಬಳಿ ಮತ್ತು ಅಲ್ಲಿಂದ ಮೇಲೆ ಎರಡು ಮೂರು ಕಡೆ, ಮೇ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ, ಉಬ್ಬರ ಇಳಿತ ಎರಡೂ ಹೊತ್ತಿನಲ್ಲಿ, ಮೇಲ್ಪದರ ತಳ ಎರಡೂ ಕಡೆಯ ನೀರಿನ ಉಪ್ಪನ್ನು ಬರೆದಿಡಬೇಕು. ಪಕ್ಕದ ಕಾಲಂನಲ್ಲಿ ಆ ವಾರ ಯಾವ ಗಜನಿಯ ಜಂತ್ರಡಿ ಹಾಕಿದರು, ಎಂದು ಬೀಜ ಚೆಲ್ಲಿದರು ಎಂಬುದನ್ನೂ.